ಸ್ವಇಚ್ಛೆಯಿಂದ

ನಮ್ಮವ್ವನನ್ನು ಹೂಳಲು ಜಾಗ ಸಿಗಲಿಲ್ಲ. ಅದಕ್ಕೇ ಮೆಡಿಕಲ್ ಕಾಲೇಜಿಗೆ ಕೊಟ್ಟೆವು. ಪೇಪರಿನಲ್ಲಿ ಬೇರೆ ಥರ ಬಂತು.

ಅವ್ವ ಅಂದರೆ ನನ್ನ ನಾಯ್ನನ ತಾಯಿ, ಬೊಮ್ಮಕ್ಕ. ಪಾವಗಡದ ಕಡೆ ನಮ್ಮ ಕಾಲೋನಿಯಲ್ಲಿ ಅಪ್ಪನನ್ನು ನಾಯ್ನ ಅನ್ನುತ್ತೇವೆ, ಅಜ್ಜಿಯನ್ನು ಅವ್ವ ಅನ್ನುತ್ತೇವೆ. ನಾಯ್ನನ ಹೆಸರು ಬೈಲಪ್ಪ. ಅಮ್ಮ ಇಂದ್ರಮ್ಮ. ನಾನು ಶ್ರೀಲತಾ. ಕಾಲೋನಿಯಲ್ಲಿ ಡಾಕ್ಟರ್ ಓದಲು ಹೋದವಳು ನಾನೊಬ್ಬಳೇ.

ಅವ್ವ ಸತ್ತದ್ದು ಜುಲೈ ತಿಂಗಳಲ್ಲಿ. ನಾನು ನೀಟ್ ಬರೆದು ಸೀಟಿಗೆ ಕಾಯುತ್ತಾ ಮನೆಯಲ್ಲಿದ್ದೆ. ಹಿಂದಿನ ದಿನ ಸಂಜೆವರೆಗೂ ಅವಳು ಕಡ್ಲೆಕಾಯಿ ಸುಲಿದಿದ್ದಳು. ಸುಲಿದು ಸುಲಿದು ಅವಳ ಹೆಬ್ಬೆರಳ ಉಗುರು ಅರ್ಧಕ್ಕೆ ಸವೆದಿತ್ತು. ಬೆಳಗ್ಗೆ ಎಬ್ಬಿಸಿದರೆ ಏಳಲಿಲ್ಲ.

ನಮ್ಮವರನ್ನು ಹೂಳುತ್ತಿದ್ದುದು ಹಳ್ಳದ ದಂಡೆಯಲ್ಲಿ. ತಾತ ಅಲ್ಲಿದ್ದಾನೆ. ಹುಟ್ಟಿದ ವಾರಕ್ಕೇ ಹೋದ ನನ್ನ ಅಕ್ಕ ಅಲ್ಲಿದ್ದಾಳೆ. ಕಲ್ಲಿಲ್ಲ, ಹೆಸರಿಲ್ಲ. ಯಾರು ಎಲ್ಲಿ ಅನ್ನುವುದು ಪಕ್ಕದ ಮನೆಯ ಕದಿರಯ್ಯನಿಗೆ ಮಾತ್ರ ಗೊತ್ತಿತ್ತು. ನಲವತ್ತು ವರ್ಷದಿಂದ ಕಾಲೋನಿಯ ಗುಂಡಿಗಳನ್ನೆಲ್ಲ ತೋಡಿದವನು ಅವನೇ. ಆ ಜಾಗ ಸರ್ಕಾರದ್ದು ಎಂದು ನಮ್ಮ ಹಳಬರು ಹೇಳುತ್ತಿದ್ದರು. ಪಹಣಿಯಲ್ಲಿ ಇದ್ದದ್ದು ಊರಿನ ಚಂದ್ರಶೇಖರನ ಹೆಸರು. ಎರಡು ವರ್ಷದ ಹಿಂದೆ ಅವನು ತನ್ನ ಜಮೀನನ್ನೆಲ್ಲ ಒಂದು ಸೋಲಾರ್ ಕಂಪನಿಗೆ ಗುತ್ತಿಗೆಗೆ ಕೊಟ್ಟ. ಅದರ ಜೊತೆ ದಂಡೆಯೂ ಹೋಯಿತು. ತಂತಿಬೇಲಿ ಬಂತು, ಗೇಟು ಬಂತು. ನಮ್ಮವರನ್ನು ಹೂತ ಮಣ್ಣಲ್ಲಿ ಕಬ್ಬಿಣದ ಕಂಬ ನೆಟ್ಟು ಮೇಲೆ ಗಾಜಿನ ಪ್ಯಾನೆಲ್ ಹಾಸಿದರು.

ಆ ಗಾಜು ತೊಳೆಯುವ ಕೂಲಿಗೆ ಕರೆದದ್ದು ನಮ್ಮ ಹೆಂಗಸರನ್ನೇ. ಅಮ್ಮ ಬೆಳಗ್ಗೆ ಆರಕ್ಕೆ ಕೊರಳಿಗೆ ಕಾರ್ಡು ಹಾಕಿಕೊಂಡು ಹೋಗುತ್ತಿದ್ದಳು. ಪೈಪು ಎಳೆಯಬೇಕು. ಉದ್ದ ಕೋಲಿನ ಬ್ರಷ್ಷು ತಲೆಯ ಮೇಲೆತ್ತಿ ಉಜ್ಜಬೇಕು. ಬಿಸಿಲೇರಿದರೆ ಗಾಜು ಕಾಯುತ್ತದೆ, ಮುಟ್ಟಿದರೆ ಬೊಬ್ಬೆ ಬರುತ್ತದೆ. ಮನೆಗೆ ಬಂದ ಮೇಲೆ ತಲೆ ಬಾಚಿಕೊಳ್ಳಲೂ ಅವಳಿಗೆ ತೋಳು ಏಳುತ್ತಿರಲಿಲ್ಲ, ನಾನೇ ಬಾಚುತ್ತಿದ್ದೆ. ಮೊದಲ ದಿನ ಬಂದು ಅವ್ವನಿಗೆ ಹೇಳಿದ್ದಳು: “ಮಾವನ ಎದೆ ಮೇಲೆ ನಿಂತು ಗಾಜು ತೊಳ್ದು ಬಂದೆ ಅತ್ತೆ.” ಅವ್ವ ಎದ್ದು ಹೊರಗೆ ಹೋಗಿ ಕೂತಳು.

ಅವ್ವನ ಚಟ್ಟ ಹೊತ್ತು ಗೇಟಿನ ಹತ್ತಿರ ಹೋದಾಗ ಎಂಟೂವರೆ. ಕದಿರಯ್ಯ ಹಾರೆ ಗುದ್ದಲಿ ಹಿಡಿದು ಮುಂದೆ ನಡೆದಿದ್ದ. ಸೆಕ್ಯೂರಿಟಿಯವನು ಗೇಟು ತೆಗೆಯಲಿಲ್ಲ. ಫೋನು ಮಾಡಿದ. ಚಂದ್ರಶೇಖರ ಬಂದ. ಕಾರಿಂದ ಇಳಿಯಲಿಲ್ಲ, ಗಾಜು ಇಳಿಸಿದ.

“ಲೇ ಬೈಲ, ಇದು ಈಗ ಕಂಪ್ನಿದು ಕಣ್ಲಾ. ನನ್ ಕೈಲಿ ಏನೂ ಇಲ್ಲ.”

“ನಮ್ಮಪ್ಪ ಒಳಗವ್ನೆ ಸ್ವಾಮಿ,” ಅಂದ ನಾಯ್ನ. “ಅವನ ಪಕ್ಕ ಮೂರಡಿ ಬುಟ್ರೆ ಸಾಕು.”

“ಕೆಳಗೆ ಕೇಬಲ್ ಐತೆ. ಅಗದ್ರೆ ಕರೆಂಟು ಒಡೀತದೆ. ಆಮೇಲೆ ನಿನ್ನೂ ಎತ್ಕಂಡು ಹೋಗ್ಬೇಕಾಯ್ತದೆ.”

ಅಮ್ಮ ಮುಂದೆ ಬಂದಳು. “ನಾನು ದಿನಾ ಒಳಕ್ಕೆ ಹೋಗ್ತೀನಲ್ಲ ಸ್ವಾಮಿ.”

“ಬ್ರಷ್ ಹಿಡ್ಕಂಡು ಬಾ, ಬುಡ್ತಾರೆ. ಹೆಣ ಹಿಡ್ಕಂಡು ಬಂದ್ರೆ ಬುಡಾಕಿಲ್ಲ.”

ಊರಿನ ಸ್ಮಶಾನದಲ್ಲಾದರೂ ಒಂದು ಮೂಲೆ ಕೊಡಿ ಎಂದು ಕದಿರಯ್ಯ ಕೇಳಿದ. ಚಂದ್ರಶೇಖರ ಅವನ ಕಡೆ ತಿರುಗಿದ.

“ಅಲ್ಲಿ ಯಾವತ್ತಾರ ನಿಮ್ಮೋರ್ನ ಮಣ್ಣು ಮಾಡಿದ್ರಾ?”

“ಇಲ್ಲ.”

“ಇನ್ನೇನು ಮತ್ತೆ.”

ಗಾಜು ಏರಿತು. ಕಾರು ಹೋಯಿತು.

ನಾವು ಚಟ್ಟವನ್ನು ರಸ್ತೆ ಪಕ್ಕ ಇಳಿಸಿ ಕೂತೆವು. ನೆರಳಿಲ್ಲ. ಇಬ್ಬರು ಹೆಂಗಸರು ಒಂದು ಸೀರೆಯನ್ನು ಆ ಕಡೆ ಈ ಕಡೆ ಹಿಡಿದು ನಿಂತರು. ಕೈ ಸೋತಾಗ ಬೇರೆ ಇಬ್ಬರು ಹಿಡಿದರು. ಅವ್ವನ ಕಣ್ಣಿನ ಮೂಲೆಗೆ ಇರುವೆ ಬರುತ್ತಿದ್ದವು. ನಾನು ಬೆರಳಲ್ಲಿ ತೆಗೆಯುತ್ತಾ ಕೂತಿದ್ದೆ. ಹನ್ನೆರಡಕ್ಕೆ ಕಂದಾಯ ಇಲಾಖೆಯ ಆರ್.ಐ. ಸಾಹೇಬರು ಜೀಪಿನಲ್ಲಿ ಬಂದರು. ಸ್ಮಶಾನಕ್ಕೆ ಜಾಗ ಗುರುತಿಸಿದ ಫೈಲು ಮೇಲೆ ಹೋಗಿದೆ, ಇನ್ನೂ ವಾಪಸ್ ಬಂದಿಲ್ಲ ಅಂದರು. ಎಷ್ಟು ದಿನ ಆಗುತ್ತದೆ ಎಂದು ನಾನು ಕೇಳಿದೆ. ಅವರು ನನ್ನ ಕಡೆ ತಿರುಗಿ, ಏನು ಓದಿದೀಯಮ್ಮ ಅಂದರು. ಹೇಳಿದೆ. ಅವರ ಮುಖ ಅರಳಿತು.

“ಡಾಕ್ಟ್ರು ಆಗೋಳು ನೀನು. ನಿಂಗೆ ನಾನು ಹೇಳಬೇಕಾ? ಮೆಡಿಕಲ್ ಕಾಲೇಜಿಗೆ ಕೊಟ್ಬಿಡಿ. ದೇಹದಾನ. ದೊಡ್ಡ ದೊಡ್ಡೋರು ಮಾಡ್ತಾರೆ. ಗಾಡಿ ನಾನೇ ಕರೆಸ್ತೀನಿ.”

ನಾಯ್ನ ಮಧ್ಯಾಹ್ನ ಎರಡರವರೆಗೂ ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ಅವ್ವನ ಹೊಟ್ಟೆ ಉಬ್ಬಲು ಶುರುವಾಗಿತ್ತು. ನಾಯ್ನ ಅದನ್ನು ನೋಡಿದ. ಆಯ್ತು ಅಂದ.

ಫಾರಂ ನಾನೇ ತುಂಬಿದೆ. ಅಲ್ಲಿ ಬರೆಯಲು ಬರುತ್ತಿದ್ದವಳು ನಾನೇ. ‘ದೇಹ ನೀಡಲು ಕಾರಣ’ ಎಂದು ಒಂದು ಗೆರೆ ಖಾಲಿ ಇತ್ತು. ಜಾಗ ಇಲ್ಲ ಎಂದು ಬರೆಯಲು ಹೋದೆ. ಆರ್.ಐ. ಸಾಹೇಬರು ಪೆನ್ನಿನ ಮೇಲೆ ಬೆರಳಿಟ್ಟರು. “ಅಂಗೆಲ್ಲ ಬರೆದ್ರೆ ಅವರು ತಗೊಳ್ಳಲ್ಲ. ಸ್ವಇಚ್ಛೆಯಿಂದ ಅಂತ ಬರಿ.”

ಬರೆದೆ. ನಾಯ್ನ ಓದಿಸಿ ಕೇಳಿದ.

“ಇಚ್ಛೆ ಅಂದ್ರೆ ಆಸೆ ಅಲ್ವೇನಮ್ಮ?”

“ಹೂಂ ನಾಯ್ನ.”

ಅವನು ಹೆಬ್ಬೆಟ್ಟು ಒತ್ತಿದ.

ಗಾಡಿ ಬರುವ ಹೊತ್ತಿಗೆ ಚಂದ್ರಶೇಖರ ಹೂವಿನ ಹಾರ ತಂದ. ಹತ್ತಿರ ಬರಲಿಲ್ಲ. ಮೂರು ಮಾರು ದೂರದಿಂದ ಎಸೆದ. ಮಾರನೆಯ ದಿನ ಪೇಪರಿನಲ್ಲಿ ಫೋಟೋ ಬಂತು. ‘ಸಾವಿನಲ್ಲೂ ಸಾರ್ಥಕತೆ ಮೆರೆದ ಕೂಲಿ ವೃದ್ಧೆ’ ಎಂದು ದಪ್ಪಕ್ಷರ. ಕೆಳಗೆ ‘ಗ್ರಾಮದ ಮುಖಂಡ ಚಂದ್ರಶೇಖರ್ ಅಂತಿಮ ನಮನ ಸಲ್ಲಿಸಿದರು’. ಡಾಕ್ಟರ್ ಆಗಲಿರುವ ಮೊಮ್ಮಗಳು ಎಂದು ನನ್ನ ಹೆಸರೂ ಇತ್ತು. ಅಮ್ಮ ಅವತ್ತು ಕೆಲಸಕ್ಕೆ ಹೋಗಲಿಲ್ಲ. ಅದರ ಮಾರನೆಯ ದಿನ ಹೋದಳು.

ಅಕ್ಟೋಬರಿನಲ್ಲಿ ನನಗೆ ಸೀಟು ಸಿಕ್ಕಿತು. ಅವ್ವ ಹೋದ ಕಾಲೇಜಲ್ಲ, ಇನ್ನೊಂದು ಊರಿನದು. ಅದೊಂದು ಸಮಾಧಾನವಿತ್ತು. ಹಾಸ್ಟೆಲಿನಲ್ಲಿ ನನ್ನ ರೂಮಿಗೆ ಬಂದವಳು ಮಧುಗಿರಿಯ ಅನುಪಮಾ. ಒಳ್ಳೆಯ ಹುಡುಗಿ. ಊರು ಕೇಳಿದಳು, ಹೇಳಿದೆ. ಸಂಜೆ ಮೊಬೈಲಿನಲ್ಲಿ ಆ ಪೇಪರಿನ ತುಣುಕು ತೆಗೆದು ನನ್ನ ಮುಂದೆ ಹಿಡಿದಳು.

“ಇದು ನಿಮ್ಮ ಅಜ್ಜಿ ಅಲ್ವಾ? ನೀನು ಹೇಳಲೇ ಇಲ್ಲ ಕಣೇ.”

ಅವಳಿಗೆ ನಿಜವಾಗಿಯೂ ಹೆಮ್ಮೆಯಾಗಿತ್ತು. ಹೋಗಿ ಅನಾಟಮಿ ವಿಭಾಗದ ಮುಖ್ಯಸ್ಥೆ ಪುಷ್ಪಾವತಿ ಮೇಡಂಗೆ ಹೇಳಿದಳು. ಮೇಡಂ ನನ್ನನ್ನು ಕರೆಸಿದರು. ಮೊದಲ ಡಿಸೆಕ್ಷನ್‌ಗೆ ಮುಂಚೆ ವಿದ್ಯಾರ್ಥಿಗಳೆಲ್ಲ ದೇಹ ಕೊಟ್ಟವರ ಹೆಸರಿನಲ್ಲಿ ಪ್ರಮಾಣ ಮಾಡುತ್ತಾರಂತೆ. ಈ ಸಲ ಅದನ್ನು ನಾನು ಓದಿಸಬೇಕು, ಪ್ರಿನ್ಸಿಪಾಲರೂ ಬರುತ್ತಾರೆ ಅಂದರು. ಕಾಗದ ಕೊಟ್ಟರು. ನಾನು ಅದನ್ನು ಬಿಚ್ಚಿ ನೋಡದೆ ಬ್ಯಾಗಿಗೆ ಹಾಕಿಕೊಂಡೆ.

ಡಿಸೆಕ್ಷನ್ ಹಾಲಿನಲ್ಲಿ ಹನ್ನೆರಡು ಸ್ಟೀಲ್ ಟೇಬಲ್ಲು. ಎಲ್ಲದರ ಮೇಲೂ ಬಿಳಿ ಬಟ್ಟೆ, ಬಟ್ಟೆಯ ಕೆಳಗೆ ಒಬ್ಬೊಬ್ಬರು. ಫಾರ್ಮಲಿನ್ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು. ಹೊಸ ಏಪ್ರನ್ ಹಾಕಿದ ನೂರೈವತ್ತು ಜನ ಬಲಗೈ ಮುಂದೆ ಚಾಚಿ ನಿಂತಿದ್ದರು. ನಾನು ಮೈಕಿನ ಮುಂದೆ ಒಂದೊಂದು ಸಾಲು ಓದಿದೆ, ಅವರು ಹಿಂದಿನಿಂದ ಹೇಳಿದರು. ಈ ದೇಹಗಳೇ ನಮ್ಮ ಮೊದಲ ಗುರುಗಳು ಅಂದೆ, ಅಂದರು. ಗೌರವದಿಂದ ಕಾಣುತ್ತೇವೆ ಅಂದೆ, ಅಂದರು. ಮೂರನೆಯ ಸಾಲಿನಲ್ಲಿ ಆ ಪದವಿತ್ತು. ‘ಇವರು ಸ್ವಇಚ್ಛೆಯಿಂದ, ಸಂತೋಷದಿಂದ ತಮ್ಮ ದೇಹವನ್ನು ನಮಗೆ ಅರ್ಪಿಸಿದ್ದಾರೆ.’

ನಿಂತೆ. ನನಗಾಗಿ ಎಲ್ಲರೂ ಕಾದರು.

“ಈ ಸಾಲು ನಾನು ಓದಲ್ಲ,” ಅಂದೆ. ಮೈಕಿನಲ್ಲಿ ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು. “ನಮ್ಮವ್ವ ಇಚ್ಛೆಯಿಂದ ಕೊಡಲಿಲ್ಲ. ನಾವೂ ಕೊಡಲಿಲ್ಲ. ಹೂಳಲು ಮೂರಡಿ ಜಾಗ ಬಿಡಲಿಲ್ಲ. ಬಿಸಿಲಲ್ಲಿ ಹೊಟ್ಟೆ ಉಬ್ಬಿತು. ಅದಕ್ಕೆ ಕೊಟ್ಟೆವು. ಇದೇ ಪದವನ್ನು ಅವತ್ತು ಫಾರಂನಲ್ಲಿ ನಾನೇ ಬರೆದೆ. ಒಂದು ಸಲ ಬರೆದದ್ದು ಸಾಕು.”

ಚಾಚಿದ ಕೈಗಳು ಹಾಗೇ ಇದ್ದವು. ಇಳಿಸಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಪುಷ್ಪಾವತಿ ಮೇಡಂ ಬಂದು ನನ್ನ ಕೈಯಿಂದ ಕಾಗದ ತೆಗೆದುಕೊಂಡರು. ಗದರಲಿಲ್ಲ. ಮೈಕಿನಿಂದ ಮುಖ ತಿರುಗಿಸಿ ಮೆಲ್ಲಗೆ ಹೇಳಿದರು, “ಇದೆಲ್ಲ ಇಲ್ಲಿ ತರಬಾರದು ಶ್ರೀಲತಾ. ಹೋಗಿ ನಿನ್ನ ಟೇಬಲ್ ಹತ್ತಿರ ನಿಂತ್ಕೋ.” ಕಾಗದವನ್ನು ಅನುಪಮಾಗೆ ಕೊಟ್ಟರು. ಅವಳು ಆ ಸಾಲು ಓದಿದಳು. ಎಲ್ಲರೂ ಹೇಳಿದರು. ನಾನು ಕೈ ಚಾಚಲಿಲ್ಲ.

ನನ್ನದು ನಾಲ್ಕನೆಯ ಟೇಬಲ್ಲು. ಬಟ್ಟೆ ತೆಗೆದರು. ಒಬ್ಬ ಮುದುಕ. ಮೈಯೆಲ್ಲ ಕಂದು ಬಣ್ಣಕ್ಕೆ ತಿರುಗಿ ಚರ್ಮ ಹದ ಮಾಡಿದ ತೊಗಲಿನಂತಾಗಿತ್ತು. ಕಾಲ್ಬೆರಳಿಗೆ ನಂಬರಿನ ತಗಡು. ಹಿಮ್ಮಡಿಯ ಒಡಕುಗಳಲ್ಲಿ ಕೆಂಪು ಮಣ್ಣಿನ ಗೆರೆಗಳು ಹಾಗೇ ಉಳಿದಿದ್ದವು. ಔಷಧಿಯ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಮುಳುಗಿಸಿಟ್ಟರೂ ಹೋಗಿರಲಿಲ್ಲ. ಬಲಹೆಗಲ ಮೇಲೆ ಮೂಟೆ ಹೊತ್ತ ಗಂಟು. ಯಾರು ಸರ್ ಇವರು ಎಂದು ಒಬ್ಬ ಹುಡುಗ ಕೇಳಿದ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದು, ವಾರಸುದಾರರಿಲ್ಲ ಎಂದರು ಪಾಠ ಮಾಡುವ ಸರ್. ಒಂದು ನಿಮಿಷದ ಹಿಂದೆ ಇವನೂ ಸ್ವಇಚ್ಛೆಯಿಂದ ಕೊಟ್ಟಿದ್ದ.

ಎದೆಯಿಂದ ಶುರು. ಕತ್ತಿನ ಕೆಳಗಿನ ಗುಳಿಯಿಂದ ಕೆಳಕ್ಕೆ ನೇರ ಒಂದು ಗೆರೆ, ಅಲ್ಲಿಂದ ಹೆಗಲಿಗೆ ಒಂದು ಗೆರೆ. ಚರ್ಮವನ್ನು ಚಿಮಟದಲ್ಲಿ ಎತ್ತಿ ಕೆಳಗಿನಿಂದ ಬಿಡಿಸಬೇಕು. ಬ್ಲೇಡು ನನ್ನ ಕೈಗೆ ಬಂತು. ಕೊಯ್ದೆ. ರಕ್ತವಿಲ್ಲ. ಹಸಿ ಕೊಬ್ಬರಿ ಕೊಯ್ದಂತೆ ಇತ್ತು. ಪಕ್ಕದ ಟೇಬಲಿನಲ್ಲಿ ಹಳದಿ ಕೊಬ್ಬು ತೆಗೆದು ತೆಗೆದು ಅವರ ಗ್ಲೌಸ್ ಜಾರುತ್ತಿತ್ತು. ನಮಗೆ ಅರ್ಧ ಗಂಟೆಯಲ್ಲಿ ಎದೆಯ ಸ್ನಾಯು ಕಾಣಿಸಿತು. ಸರ್ ಬಂದು ನೋಡಿ ತಲೆದೂಗಿದರು.

“ನಿಮ್ಮ ಟೇಬಲ್‌ನವರು ಅದೃಷ್ಟವಂತರು. ಕೂಲಿ ಮಾಡಿದ ದೇಹ. ಕೊಬ್ಬೇ ಇಲ್ಲ. ಎಲ್ಲ ಪುಸ್ತಕದಲ್ಲಿ ಇದ್ದಂಗೆ ಕಾಣುತ್ತೆ.”

ಅವ್ವನ ಮೈಯಲ್ಲೂ ಕೊಬ್ಬು ಇರಲಿಲ್ಲ. ಎಲ್ಲೋ ಒಂದು ಊರಿನಲ್ಲಿ ಯಾರಿಗೋ ಬೇಗ ಪಾಠವಾಗುತ್ತಿರುತ್ತದೆ. ಯಾರೋ ಒಬ್ಬಳು ಅವಳ ಸವೆದ ಉಗುರನ್ನು ಹಿಡಿದು ಹೆಬ್ಬೆರಳ ನರ ಹುಡುಕುತ್ತಿರುತ್ತಾಳೆ. ಅವಳ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನ್ನ ಕೈಯಲ್ಲೂ ಬ್ಲೇಡಿತ್ತು.

ಅವತ್ತು ಸಂಜೆಯೇ ಕ್ಲಾಸಿನ ವಾಟ್ಸಾಪಿನಲ್ಲಿ ಮಾತು ಬಂತು. ಕೋಟಾದಲ್ಲಿ ಬಂದವರಿಗೆ ಎಲ್ಲದರಲ್ಲೂ ಜಾತಿಯೇ ಕಾಣುತ್ತದೆ ಎಂದು ಒಬ್ಬ ಬರೆದ. ಇಪ್ಪತ್ತಾರು ಜನ ಹೆಬ್ಬೆರಳು ಒತ್ತಿದರು. ಮಾರನೆಯ ದಿನ ನೋಟಿಸು ಬಂತು. ಪೋಷಕರು ಬಂದು ಕಾಣುವವರೆಗೆ ಡಿಸೆಕ್ಷನ್ ಹಾಲಿಗೆ ಪ್ರವೇಶವಿಲ್ಲ.

ಪ್ರಿನ್ಸಿಪಾಲರು ಕಾಣಲು ದಿನ ಕೊಟ್ಟದ್ದು ಎರಡು ವಾರದ ಮೇಲೆ. ಅವತ್ತು ನಾಯ್ನ ಪಾವಗಡದಿಂದ ಮೊದಲ ಬಸ್ಸು ಹತ್ತಿದ. ಮಧುಗಿರಿಯಲ್ಲಿ ಇಳಿದು ಬೇರೆ ಬಸ್ಸು, ಕೊರಟಗೆರೆ ದಾಟಿ ಮತ್ತೊಂದು. ಮಧ್ಯಾಹ್ನ ಒಂದಕ್ಕೆ ಬಂದ. ಇದ್ದದ್ದರಲ್ಲಿ ಒಳ್ಳೆಯ ಅಂಗಿ ಹಾಕಿದ್ದ. ಪ್ರಿನ್ಸಿಪಾಲರ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಅಲ್ಲಿ ಯಾರೂ ಬಿಡುವುದಿಲ್ಲ, ಹಾಕ್ಕೋ ನಾಯ್ನ ಅಂದೆ. ಇರಲಿ ಬುಡಮ್ಮ ಅಂದ.

ಕೂರಿ ಅಂದರೂ ಅವನು ಕೂರಲಿಲ್ಲ. ಟವೆಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

“ನಿಮ್ಮ ಮಗಳು ಬುದ್ಧಿವಂತೆ,” ಅಂದರು ಪ್ರಿನ್ಸಿಪಾಲರು. “ಆದರೆ ಎಲ್ಲಿ ಏನು ಮಾತಾಡಬೇಕು ಅನ್ನೋದು ಗೊತ್ತಿಲ್ಲ. ದೇಹದಾನದ ಬಗ್ಗೆ ಹಂಗೆಲ್ಲ ಹೇಳಿದ್ರೆ ನಾಳೆ ಯಾರು ಕೊಡ್ತಾರೆ? ಮಕ್ಕಳು ಹೆಂಗೆ ಕಲೀಬೇಕು?”

“ತೆಪ್ಪಾಯ್ತು ಸ್ವಾಮಿ,” ಅಂದ ನಾಯ್ನ. “ಚಿಕ್ಕೋಳು. ಹೊಟ್ಟೆಗಾಕ್ಕಳಿ.”

“ನೀನು ಏನು ತಪ್ಪು ಮಾಡಿದೆ ನಾಯ್ನ?”

ಅವನು ನನ್ನ ಕಡೆ ತಿರುಗಲಿಲ್ಲ. “ಸುಮ್ಕಿರಮ್ಮ. ಅವರು ಏನ್ ಕೇಳ್ತಾರೋ ಬರ್ಕೊಡು.”

ಕ್ಷಮಾಪಣೆ ಪತ್ರ ಬರೆದುಕೊಟ್ಟೆ. ಭಾವೋದ್ವೇಗದಲ್ಲಿ ಸುಳ್ಳು ಹೇಳಿದೆ ಎಂದು ಬರೆಯಬೇಕಿತ್ತು. ಸುಳ್ಳು ಅನ್ನುವ ಪದವನ್ನು ನಾನು ಬರೆಯಲಿಲ್ಲ. ಅವರು ಓದಿ ನೋಡಿ ತಾವೇ ಅದನ್ನು ಪೆನ್ನಿನಲ್ಲಿ ಸೇರಿಸಿ, ಇಲ್ಲಿ ಸಹಿ ಮಾಡು ಅಂದರು. ನಾಯ್ನ ನನ್ನ ಬೆನ್ನಿನ ಮೇಲೆ ಕೈಯಿಟ್ಟ. ಸಹಿ ಮಾಡಿದೆ.

ಆಮೇಲೆ ಪ್ರಿನ್ಸಿಪಾಲರು ಬೆಲ್ಲು ಒತ್ತಿದರು. ಒಂದು ಶಾಲು ತರಿಸಿದರು. ಬಂದೇ ಬಂದಿದ್ದೀರಿ, ಇಂಥ ಕುಟುಂಬವನ್ನು ಬರಿಗೈಲಿ ಕಳಿಸಬಾರದು ಎಂದು ನಾಯ್ನನಿಗೆ ಹೊದಿಸಿದರು. ಕ್ಲರ್ಕು ಫೋಟೋ ತೆಗೆದ. ಸ್ವಲ್ಪ ನಗಿ ಯಜಮಾನ್ರೇ ಅಂದ. ನಾಯ್ನ ನಕ್ಕ.

ಕ್ಯಾಂಟೀನಿನ ಹೊರಗಿನ ಕಟ್ಟೆಯ ಮೇಲೆ ಕೂತು ಟೀ ಕುಡಿದೆವು. ಅವನು ಶಾಲನ್ನು ಮಡಿಸಿ ಚೀಲಕ್ಕೆ ತುರುಕಿದ. ಆಮೇಲೆ ಕೇಳಿದ.

“ಎಲ್ಲಾ ಕೊಯ್ದು ಕಲ್ತಾದ್ ಮೇಲೆ ಏನ್ ಮಾಡ್ತಾರಮ್ಮ?”

“ಉಳಿದದ್ದನ್ನೆಲ್ಲ ಒಟ್ಟು ಮಾಡಿ ಇಡ್ತಾರೆ.”

“ಇಟ್ಟು?”

ಕೆಲವು ಕಡೆ ಸುಡುತ್ತಾರೆ. ಕೆಲವು ಕಡೆ ಕಾಲೇಜಿನ ಹಿಂದೆ ಹೂಳುತ್ತಾರೆ. ಅವ್ವ ಇರುವಲ್ಲಿ ಏನು ಮಾಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ.

“ಮಣ್ಣು ಮಾಡ್ತಾರೆ ನಾಯ್ನ.”

“ಅದಕ್ಕೆ ಅವರತ್ರ ಜಾಗ ಐತಾ?”

“ಐತೆ.”

“ಒಳ್ಳೇದು,” ಅಂದ. ಲೋಟ ಕೆಳಗಿಟ್ಟು ಎದ್ದ. ಮೂರೂವರೆಯ ಬಸ್ಸು ತಪ್ಪಿದರೆ ಊರು ಸೇರುವ ಹಾಗಿರಲಿಲ್ಲ.

ಹದಿನಾರು ದಿನದ ಪಾಠ ನನಗೆ ಹೋಗಿತ್ತು. ಮತ್ತೆ ಒಳಗೆ ಹೋದಾಗ ನಾಲ್ಕನೆಯ ಟೇಬಲಿನ ಮುದುಕನ ಬಲತೋಳು ಪೂರ್ತಿ ಬಿಚ್ಚಿತ್ತು. ಹೆಗಲ ಗಂಟನ್ನು ಯಾರೋ ಚರ್ಮದ ಜೊತೆ ಕತ್ತರಿಸಿ ಕೆಳಗಿನ ಬಕೆಟಿಗೆ ಹಾಕಿದ್ದರು. ಅನುಪಮಾ ತನ್ನ ನೋಟ್ಸ್ ಕೊಟ್ಟಳು. ಕೊಡುವಾಗ ನನ್ನ ಮುಖ ನೋಡಲಿಲ್ಲ. ನವೆಂಬರಿನ ಮೌಖಿಕ ಪರೀಕ್ಷೆಯಲ್ಲಿ ನಾನು ಫೇಲಾದೆ. ಡಿಸೆಂಬರಿನಲ್ಲಿ ಮತ್ತೆ ಕೊಟ್ಟು ಪಾಸಾದೆ. ಯಾರೂ ಆ ವಿಷಯ ಮಾತಾಡಲಿಲ್ಲ.

ಜನವರಿಯಲ್ಲಿ ಒಂದು ಬೆಳಗ್ಗೆ ಹಾಲಿಗೆ ಹೋಗುವ ಮುಂಚೆ ಅಮ್ಮನ ಫೋನು ಬಂತು. ಆ ಹೊತ್ತಿಗೆ ಅವಳು ಗಾಜು ತೊಳೆಯುತ್ತಿರಬೇಕಿತ್ತು. ಕಾರಿಡಾರಿನ ಕೊನೆಗೆ ಹೋಗಿ ನಿಂತೆ.

“ಕದಿರಣ್ಣ ಹೋಗ್ಬುಟ್ಟ,” ಅಂದಳು. “ಮೊನ್ನೆ.”

“ಮೊನ್ನೆನಾ? ಎಲ್ಲಿ ಇಟ್ರಿ?”

ಅವಳು ಒಂದೊಂದಾಗಿ ಹೇಳಿದಳು. ಅಳಲಿಲ್ಲ. ಆರ್.ಐ. ಮತ್ತೆ ಬಂದಿದ್ದ. ಫೈಲು ಇನ್ನೂ ಬಂದಿಲ್ಲ ಅಂದ. ಬೊಮ್ಮಕ್ಕನ್ನ ಕೊಟ್ಟಂಗೆ ಇವನ್ನೂ ಕಾಲೇಜಿಗೆ ಕೊಟ್ಬಿಡಿ, ಹುಡುಗಿ ಅಲ್ಲೇ ಇದಾಳಲ್ಲ, ಅವಳನ್ನೇ ಕೇಳಿ ಅಂದ.

“ನೀನು ಯಾಕೆ ನನಗೆ ಫೋನ್ ಮಾಡ್ಲಿಲ್ಲ?”

“ನಿಂಗೆ ಮಾಡಿದ್ರೆ ನೀನು ಮತ್ತೆ ಬರೀಬೇಕಾಗ್ತಿತ್ತು,” ಅಂದಳು. “ಬೇಡ ಅಂದೆ. ಈ ಸಲ ನಾನೇ ಬೇಡ ಅಂದೆ.”

ಮಾರನೆಯ ಬೆಳಗ್ಗೆ ಆರಕ್ಕೆ ಕೆಲಸದ ಹೆಂಗಸರಿಗೆ ಗೇಟು ತೆಗೆಯುವ ಹೊತ್ತಿಗೆ ಹನ್ನೊಂದು ಜನ ಹೆಂಗಸರು ಕದಿರಯ್ಯನ ಚಟ್ಟ ಹೊತ್ತು ಗೇಟಿಗೆ ಹೋಗಿದ್ದರು. ಗಂಡಸರು ಹಿಂದೆ ನಿಂತಿದ್ದರು. ಅಮ್ಮ ಕೊರಳಿನ ಕಾರ್ಡು ತೋರಿಸಿದಳು. ನನಗೆ ಒಳಕ್ಕೆ ಹೋಗೋ ಹಕ್ಕೈತೆ, ಬುಡು ಅಂದಳು. ಸೆಕ್ಯೂರಿಟಿಯವನು ಗೇಟು ಎಳೆದ. ಇವರು ದಬ್ಬಿದರು. ಗೇಟಿನ ಸಂದಿಗೆ ಅಮ್ಮನ ಎಡಗೈ ಸಿಕ್ಕಿತು. ಎರಡು ಬೆರಳು ಮುರಿದವು. ಆದರೂ ಹತ್ತು ಹೆಜ್ಜೆ ಒಳಗೆ ಹೋದರು. ಮೊದಲ ಸಾಲಿನ ಪ್ಯಾನೆಲ್ ಕೆಳಗೆ ಚಟ್ಟ ಇಳಿಸಿದರು. ಹಾರೆ ಎತ್ತಿದ್ದು ಅಮ್ಮನೇ.

“ಒಂದು ಮೊಳ ಅಗೆದಿದ್ವಿ ಕಣಮ್ಮ. ಅಷ್ಟೊತ್ತಿಗೆ ಪೊಲೀಸ್ನೋರು ಬಂದ್ರು.”

ಕದಿರಯ್ಯನನ್ನು ಪಂಚಾಯಿತಿ ಟ್ರ್ಯಾಕ್ಟರಿಗೆ ಹಾಕಿ ಹನ್ನೊಂದು ಕಿಲೋಮೀಟರು ದೂರದ ಕಾಡಂಚಿಗೆ ಒಯ್ದರು. ಜೆಸಿಬಿಯಲ್ಲಿ ಗುಂಡಿ ತೋಡಿದರು, ಜೆಸಿಬಿಯಲ್ಲೇ ಮುಚ್ಚಿದರು. ಕಾಲೋನಿಯವರಲ್ಲಿ ಇಬ್ಬರನ್ನು ಜೀಪಿನಲ್ಲಿ ಕರೆದೊಯ್ದರೂ ಕೆಳಗೆ ಇಳಿಯಲು ಬಿಡಲಿಲ್ಲ. ಒಂದು ಹಿಡಿ ಮಣ್ಣು ಹಾಕಲೂ ಆಗಲಿಲ್ಲ. ಹನ್ನೊಂದು ಹೆಂಗಸರ ಮೇಲೂ ಕೇಸಾಯಿತು. ಎಲ್ಲರ ಕಾರ್ಡೂ ಕಿತ್ತುಕೊಂಡರು. ಈಗ ಶಿರಾ ಕಡೆಯ ಹಳ್ಳಿಗಳಿಂದ ಗಾಡಿಯಲ್ಲಿ ಹೆಂಗಸರನ್ನು ತರಿಸುತ್ತಿದ್ದಾರೆ.

“ಕೈ ಹೆಂಗಿದೆ?”

“ಕಟ್ಟವ್ರೆ. ಇರು, ನಾಯ್ನಂಗೆ ಕೊಡ್ತೀನಿ.”

ಒಳಗಿನಿಂದ ಪುಷ್ಪಾವತಿ ಮೇಡಂ ಹಾಜರಿ ಕೂಗುವುದು ಕೇಳುತ್ತಿತ್ತು. ನನ್ನ ನಂಬರು ಇನ್ನೂ ದೂರವಿತ್ತು.

“ಅಮ್ಮಾ,” ಅಂದ ನಾಯ್ನ. ಕುಡಿದಿರಲಿಲ್ಲ. ಸಿಟ್ಟಿನಲ್ಲಿಯೂ ಇರಲಿಲ್ಲ. ಬಸ್ಸು ಎಷ್ಟೊತ್ತಿಗೆ ಎಂದು ಕೇಳುವವನ ಹಾಗಿದ್ದ. “ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬೇಡ. ನಾನು ಹೋದಾಗ ಎಲ್ಲಿಗೆ ಕೊಡ್ತೀಯ? ನಿಮ್ಮ ಕೊಯ್ಯೋರ್ಗಾ, ಜೆಸಿಬಿಗಾ? ಈಗ್ಲೇ ಹೇಳ್ಬುಡು. ಮನಸ್ಗೆ ನಾನೇ ಹೇಳ್ಕಂಡಿರ್ತೀನಿ.”

ಒಳಗೆ ನನ್ನ ನಂಬರು ಕೂಗಿದರು. ಎರಡು ಸಲ ಕೂಗಿ ಮುಂದಿನದಕ್ಕೆ ಹೋದರು. ನಾಯ್ನ ಫೋನು ಇಡಲಿಲ್ಲ. ಅವನ ಉಸಿರು ಕೇಳುತ್ತಿತ್ತು. ಅವನು ನಿಜವಾಗಿಯೂ ಕಾಯುತ್ತಿದ್ದ.